ಪಿಯಾನೋದವನ ಗುನುಗು

ರಜೆಗೆ ಊರಿಗೆ ಹೊರಡುವಾಗ ಮನೆಯ ಮೇನ್ ಸ್ವಿಚ್ ಆರಿಸುವುದು ಕುವೈತಿನಲ್ಲಿರುವ ನಮ್ಮಂಥವರ ಕೈಗೆ ಅಂಟಿಕೊಂಡ ಅಭ್ಯಾಸ. ಸೂಟ್‌ಕೇಸುಗಳು ಲಿಫ್ಟಿನ ಬಾಗಿಲಿಗೆ ಬಂದಿರುತ್ತವೆ, ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ. ಗ್ಯಾಸ್ ಮುಚ್ಚಿ, ನಲ್ಲಿ ತಿರುಗಿಸಿ, ಖಾಲಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ಕೊನೆಗೆ ಹೊಸಿಲ ಹತ್ತಿರದ ಪೆಟ್ಟಿಗೆಯಲ್ಲಿರುವ ಆ ದೊಡ್ಡ ಗುಂಡಿಯನ್ನು ಕೆಳಕ್ಕೆ ಒತ್ತುತ್ತೇವೆ. ಮನೆ ಮುಚ್ಚಿರುವಾಗ ಎಲ್ಲಾದರೂ ವೈರು ಸುಟ್ಟರೆ ನೋಡುವವರು ಯಾರು? ಫಹಾಹೀಲಿನ ಈ ಫ್ಲ್ಯಾಟಿನಲ್ಲಿ ಇಪ್ಪತ್ತೆರಡು ವರ್ಷ ಆ ಕೆಲಸ ನನ್ನದಾಗಿತ್ತು. ನನ್ನ ಗಂಡನದು ಬೇರೆ ಕೆಲಸ. ಅವರು ಐದು ರೆಕಾರ್ಡುಗಳನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಕೆಳಗಿನ ಬಕಾಲಾಕ್ಕೆ ಒಯ್ದು ಇಟ್ಟು ಬರುತ್ತಿದ್ದರು. ಬಕಾಲಾ ಎಂದರೆ ಇಲ್ಲಿಯ ಸಣ್ಣ ದಿನಸಿ ಅಂಗಡಿ. ನಮ್ಮ ಕಟ್ಟಡದ ಬಕಾಲಾ ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಸಾಹೇಬರದು. ಅವರ ಗೋದಾಮಿನಲ್ಲಿ ವರ್ಷವಿಡೀ ಏಸಿ ನಡೆಯುತ್ತದೆ.

ಕೂಸನ್ನು ಅಜ್ಜಿಮನೆಗೆ ಬಿಡುವವರ ಹಾಗೆ ಹೊರಡುತ್ತೀರಲ್ಲ ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. "ಬಿಸಿಗೆ ಸೊಟ್ಟ ಆಗ್ತದೆ. ಒಂದು ಸಲ ಸೊಟ್ಟ ಆದ್ರೆ ಮುಗೀತು, ಖಲಾಸ್" ಎನ್ನುತ್ತಿದ್ದರು.

ಐದೂ ಒಬ್ಬನೇ ಪಿಯಾನೋ ವಾದಕನ ರೆಕಾರ್ಡುಗಳು. ಪಡುಬಿದ್ರಿಯ ಪಕ್ಕದಲ್ಲಿ ಹುಟ್ಟಿ, ಐಟಿಐ ಓದಿ, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್ ಆದ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಊರಿನಲ್ಲಿ ಬಹಳ ಜನ ಕೇಳಿದ್ದಾರೆ. ಹಿಡಿದದ್ದು ಅಹ್ಮದಿಯಲ್ಲಿ. ಅಲ್ಲಿಯ ಕಂಪನಿ ಮನೆಯೊಂದರಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರು ಇದ್ದರು. ಅವರ ಟರ್ನ್‌ಟೇಬಲ್ಲಿನ ಬೆಲ್ಟು ತುಂಡಾದಾಗ ನನ್ನ ಗಂಡ ಹೋಗಿ ಸರಿಮಾಡಿ ಕೊಟ್ಟಿದ್ದರು. ಸರಿಯಾಗಿದೆಯೇ ಎಂದು ನೋಡಲು ಒಂದು ರೆಕಾರ್ಡು ಹಾಕಿದರಂತೆ. ಒಂದು ಬದಿ ಮುಗಿಯುವವರೆಗೂ ಇವರು ಸ್ಕ್ರೂಡ್ರೈವರ್ ಹಿಡಿದುಕೊಂಡು ನಿಂತೇ ಇದ್ದರಂತೆ. ಕೆಲಸ ಮುಗಿಸಿ ದೇಶ ಬಿಟ್ಟು ಹೋಗುವವರು ಸೋಫಾ, ಮಿಕ್ಸಿ, ಮಂಚ ಎಲ್ಲವನ್ನೂ ಇರುವವರಿಗೆ ಕೊಟ್ಟು ಹೋಗುವುದು ಇಲ್ಲಿ ನಡೆದುಬಂದ ರೂಢಿ. ಆ ಇಂಜಿನಿಯರು ಹೋಗುವಾಗ ಬೇರೆಯವರಿಗೆ ಫ್ರಿಜ್ಜು, ವಾಷಿಂಗ್ ಮಷೀನು ಸಿಕ್ಕಿದವು. ನಮಗೆ ಈ ಟರ್ನ್‌ಟೇಬಲ್ಲು, ಐದು ರೆಕಾರ್ಡು. ವಾಷಿಂಗ್ ಮಷೀನು ಕೇಳಬಾರದಿತ್ತೇ ಎಂದು ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ.

ಶುಕ್ರವಾರ ಇಲ್ಲಿ ವಾರದ ರಜೆ. ಬೆಳಿಗ್ಗೆ ಅವರೇ ಮಾರುಕಟ್ಟೆಗೆ ಹೋಗಿ ಮಾಂಜಿ ಮೀನು ತರುತ್ತಿದ್ದರು. ಇಲ್ಲಿಯವರು ಅದನ್ನು ಝುಬೈದಿ ಎನ್ನುತ್ತಾರೆ. ತಂದು ನನ್ನ ಕೈಗೆ ಕೊಟ್ಟು, ಕೈ ತೊಳೆದು, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ರೆಕಾರ್ಡು ಹಾಕುತ್ತಿದ್ದರು. ಜುಮ್ಮಾ ನಮಾಜಿನ ಕರೆ ಕೇಳಿಸುವವರೆಗೆ ಅವರದೇ ರಾಜ್ಯ. ಅವರಿಗೆ ಆ ಕೃತಿಗಳ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ, ಹಾಗಾಗಿ ತಾವೇ ಹೆಸರಿಟ್ಟಿದ್ದರು. ಒಂದು 'ಕೋಪದ್ದು'. ಒಂದು 'ಮೆಟ್ಟಿಲು ಇಳಿಯುವುದು'. ಎರಡನೆಯ ರೆಕಾರ್ಡಿನ ಹಿಂಬದಿಯಲ್ಲಿದ್ದದ್ದು 'ನಿಧಾನದ್ದು'. ಅದನ್ನು ಹಾಕುವ ಮೊದಲು ಅಡುಗೆಮನೆಯ ಕಡೆ ತಿರುಗಿ ಕರೆಯುತ್ತಿದ್ದರು. ನಮ್ಮ ಮನೆಮಾತು ತುಳು.

"ಬಲ, ಒಂಜಿ ನಿಮಿಷ ಕುಲ್ಲು."

ಬಾ, ಒಂದು ನಿಮಿಷ ಕೂತ್ಕೋ ಎಂದು. ನಾನು ಹೋಗುತ್ತಿರಲಿಲ್ಲ. ಮೀನು ಕಾವಲಿಯ ಮೇಲಿದೆ ಎನ್ನುತ್ತಿದ್ದೆ. ಮೀನು ಕಾವಲಿಯ ಮೇಲೆ ಇರುತ್ತಿದ್ದದ್ದು ನಿಜವೇ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಶುಕ್ರವಾರವಾದರೂ ಒಲೆ ಆರಿಸಿ ಬರಬಹುದಿತ್ತು. ಬರಲಿಲ್ಲ. ಭಾನುವಾರದಿಂದ ಗುರುವಾರದವರೆಗೆ ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಹಿಂದೆ ಓಡಿ ಸುಸ್ತಾದವಳಿಗೆ ಶುಕ್ರವಾರ ಒಬ್ಬಳೇ ಅಡುಗೆಮನೆಯಲ್ಲಿರುವುದೇ ವಿಶ್ರಾಂತಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಡುಗೆಮನೆಯಿಂದಲೇ ಕೇಳಿಸುತ್ತಿತ್ತು. ರಿಫೈನರಿಯ ಕಂಪ್ರೆಸರುಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ ಅವರ ಕಿವಿ ಸ್ವಲ್ಪ ಮಂದವಾಗಿತ್ತು, ದನಿ ಜೋರಾಗಿಯೇ ಇಡುತ್ತಿದ್ದರು. 'ನಿಧಾನದ್ದು' ಶುರುವಾಗಿ ಒಂದೆರಡು ನಿಮಿಷಕ್ಕೆ ಪಿಯಾನೋದ ಅಡಿಯಿಂದ ಒಂದು ಗುನುಗು ಏಳುತ್ತಿತ್ತು. ಗಂಡಸಿನ ದನಿ, ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ. ಪಿಯಾನೋ ಮೇಲಕ್ಕೆ ಹೋದರೆ ಅದೂ ಮೇಲಕ್ಕೆ, ಇಳಿದರೆ ಅದೂ ಇಳಿಯುತ್ತಿತ್ತು, ಒಂದು ಹೆಜ್ಜೆ ಹಿಂದೆ ಉಳಿದು. ಅಷ್ಟೇನೂ ಇಂಪಾದ ದನಿಯಲ್ಲ.

ಮೊದಲ ಸಲ ಕೇಳಿದಾಗ ನಾನು ಸಟ್ಟುಗ ಹಿಡಿದುಕೊಂಡೇ ಕೂಗಿ ಕೇಳಿದ್ದೆ, "ಅದ್ಯಾರದು ಮಧ್ಯದಲ್ಲಿ ರಾಗ ಎಳೆಯುವುದು?"

ಗುನುಗು ನಿಂತಿತು. ಆಮೇಲೆ ಅವರು ಹೇಳಿದರು, "ಅದು ಆ ಪಿಯಾನೋದವನ ಅಭ್ಯಾಸ ಮಾರಾಯ್ತಿ. ದೊಡ್ಡ ಕಲಾವಿದರೆಲ್ಲ ಹಾಗೇ."

"ಬಾಯಿ ಮುಚ್ಚಿಕೊಂಡು ಬಾರಿಸ್ಲಿಕ್ಕೆ ಆಗುದಿಲ್ವಾ ಅವನಿಗೆ?"

ಅವರು ನಕ್ಕರು. ಅಲ್ಲಿಂದ ಅದು ನಮ್ಮ ಮನೆಯ ತಮಾಷೆಯಾಯಿತು. ಗುನುಗು ಎದ್ದ ಕೂಡಲೇ ನಾನು ಅಡುಗೆಮನೆಯಿಂದ ಅದೇ ಮಾತು ಒಗೆಯುತ್ತಿದ್ದೆ. ಕೆಲವು ದಿನ ತಮಾಷೆಗೆ, ಕೆಲವು ದಿನ ನಿಜವಾದ ಸಿಟ್ಟಿಗೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಒಂದು ಶುಕ್ರವಾರ ಅವರು ಡ್ಯೂಟಿಗೆ ಹೋಗಿ ಮನೆಯಲ್ಲಿ ಆ ಗುನುಗು ಕೇಳದಿದ್ದರೆ ಮೀನಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು. ಅಷ್ಟು ರೂಢಿಯಾಗಿತ್ತು.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ, ಡ್ಯೂಟಿ ಮುಗಿಸಿ ಬಂದು ಕಂಪನಿ ಬಸ್ಸಿನಿಂದ ಇಳಿಯುವಾಗ ಅವರು ಎದೆ ಹಿಡಿದುಕೊಂಡು ರಸ್ತೆಯ ಪಕ್ಕದಲ್ಲಿ ಕೂತರು. ಬಕಾಲಾದ ಸಾಹೇಬರೇ ಓಡಿಬಂದು ನೀರು ಕೊಟ್ಟವರು, ಆಂಬುಲೆನ್ಸ್ ಕರೆದವರು. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಗದಪತ್ರಗಳನ್ನು ಅವರ ಜೊತೆ ಕೆಲಸ ಮಾಡುವವರು, ನಮ್ಮ ಕಡೆಯ ಸಂಘದವರು ಓಡಾಡಿ ಮಾಡಿಸಿದರು. ನಾಲ್ಕನೆಯ ದಿನ ನಾನು, ಮಗಳು ಅವರನ್ನು ಕರೆದುಕೊಂಡು ಊರಿಗೆ ಹೊರಟೆವು. ಯಾರೋ ಚಪ್ಪಲಿ ಹಾಕಿಸಿದರು, ಯಾರೋ ಪಾಸ್‌ಪೋರ್ಟ್ ಕೈಗೆ ಕೊಟ್ಟರು. ಬಾಗಿಲು ಎಳೆಯುವ ಮುಂಚೆ ನನ್ನ ಕೈ ತಾನಾಗಿ ಹೋಗಿ ಮೇನ್ ಸ್ವಿಚ್ ಆರಿಸಿತು.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ, ಅವರ ಹೆಸರಿನಲ್ಲಿ ಮಾಡಬೇಕಾದದ್ದೆಲ್ಲ ಮುಗಿಸಿ ನಾವು ಮರಳಿದ್ದು ಆಗಸ್ಟ್ ಕೊನೆಗೆ. ಬಾಗಿಲು ತೆರೆದಾಗ ಒಳಗಿನಿಂದ ಒಲೆಯ ಬಾಯಿಯಿಂದ ಬರುವಂಥ ಶಾಖ ಮುಖಕ್ಕೆ ಹೊಡೆಯಿತು. ಸ್ವಿಚ್ ಹಾಕಿದೆ. ಏಸಿ ಗುರ್ ಎಂದಿತು. ಪಶ್ಚಿಮದ ಕಿಟಕಿಯ ಪಕ್ಕ, ಬೆತ್ತದ ಕುರ್ಚಿಯ ಹತ್ತಿರ, ಅವರೇ ಮಾಡಿದ್ದ ಮರದ ಸ್ಟ್ಯಾಂಡಿನಲ್ಲಿ ಐದು ರೆಕಾರ್ಡುಗಳೂ ನಿಂತಿದ್ದವು. ಅಲ್ಲ, ನಿಂತಿರಲಿಲ್ಲ, ಬಾಗಿದ್ದವು. ಎರಡನೆಯದನ್ನು ಕವರಿನಿಂದ ಎಳೆದೆ. ಎಣ್ಣೆಯಿಂದ ತೆಗೆದ ಹಪ್ಪಳದ ಹಾಗೆ ಅಂಚು ಪೂರ್ತಿ ಅಲೆಯಲೆಯಾಗಿತ್ತು.

ಆಗ ನನಗೆ ನೆನಪಾಯಿತು, ಈ ಸಲ ಅವುಗಳನ್ನು ಕೆಳಗೆ ಒಯ್ಯುವವರು ಇರಲಿಲ್ಲ ಎಂದು.

ಅವರು ಸತ್ತ ದಿನ ನಾನು ಅಷ್ಟು ಅತ್ತಿರಲಿಲ್ಲ. ಅವತ್ತು ಆ ಸೊಟ್ಟ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರಯಾಣದ ಬಟ್ಟೆಯಲ್ಲೇ ನೆಲದ ಮೇಲೆ ಕೂತು ಅತ್ತೆ. ಮಗಳು ಗಾಬರಿಯಾಗಿ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು. ಅವರನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ. ಇದು ನನ್ನ ಕೈಯಲ್ಲಿತ್ತು.

ಎರಡು ದಿನ ಬಿಟ್ಟು ಹಾಲು ತರಲು ಬಕಾಲಾಕ್ಕೆ ಹೋದೆ. ಸಾಹೇಬರು ಹಾಲಿನ ಜೊತೆಗೆ ಒಂದು ಪೊಟ್ಟಣ ಖರ್ಜೂರ ಇಟ್ಟು ಕೇಳಿದರು.

"ಅಕ್ಕ, ಅಣ್ಣನ ರೆಕಾರ್ಡ್ ಎಂತ ಆಯ್ತು?"

ಹೇಳಿದೆ. ಅವರು ಎದ್ದು ಗೋದಾಮಿನ ಬಾಗಿಲು ತೆರೆದು ತೋರಿಸಿದರು. ಅಕ್ಕಿಮೂಟೆಗಳ ಮೇಲ್ಗಡೆಯ ಶೆಲ್ಫಿನಲ್ಲಿ ಒಂದು ಮೊಳ ಜಾಗ ಖಾಲಿ ಇತ್ತು, ಕೆಳಗೆ ರಟ್ಟು ಹಾಸಿತ್ತು.

"ನೀವು ಹೊರಡುವ ದಿನ ಬೆಳಿಗ್ಗೆಯೇ ಖಾಲಿ ಮಾಡಿ ಇಟ್ಟಿದ್ದೆ ಅಕ್ಕ. ಎರಡು ಸಲ ಲಿಫ್ಟಿನವರೆಗೆ ಬಂದೆ. ಮಯ್ಯತ್ ಆದ ಮನೆಗೆ ಬಂದು ರೆಕಾರ್ಡ್ ಕೊಡಿ ಅಂತ ಹೇಗೆ ಕೇಳುದು, ನೀವೇ ಹೇಳಿ. ಕೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಅವರ ಕಣ್ಣೂ ತುಂಬಿತ್ತು. ನಾನು ಹಾಲು ಅಲ್ಲೇ ಮರೆತು ಮೇಲೆ ಬಂದೆ. ಆಮೇಲೆ ಅವರೇ ಕಳಿಸಿಕೊಟ್ಟರು.

ಆ ವರ್ಷ ನನಗೆ ಒಂದೇ ಆಸೆ ಹತ್ತಿತು. ಹುಚ್ಚು ಎನ್ನುವವರು ಎನ್ನಲಿ. 'ನಿಧಾನದ್ದು' ಒಂದು ಸಲ, ಫೋನಿನಲ್ಲಿ ಅಲ್ಲ, ಅವರ ಟರ್ನ್‌ಟೇಬಲ್ಲಿನಲ್ಲೇ, ಕೂತು, ಪೂರ್ತಿ ಕೇಳಬೇಕು. ಅವರು ಇಪ್ಪತ್ತೆರಡು ವರ್ಷ ಕರೆದದ್ದಕ್ಕೆ ಒಂದು ಸಲವಾದರೂ ಹೋಗಿ ಕೂರಬೇಕು. ಆ ಗುನುಗು ಎದ್ದಾಗ ಈ ಸಲ ಏನೂ ಅನ್ನಬಾರದು. ನಮ್ಮ ಶುಕ್ರವಾರಗಳದ್ದೆಂದು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಅವರು ಫೋಟೋಗೆ ನಿಲ್ಲುವವರಲ್ಲ. ಫೋನಿನಲ್ಲಿ ಅವರ ದನಿಯೆಂದು ಉಳಿದಿರುವುದು 'ಬಸ್ಸು ಲೇಟು', 'ಮೊಸರು ತರಬೇಕಾ' ಎಂಬಂಥ ನಾಲ್ಕು ಮಾತು. ಹಾಡು ಅವರ ಬಾಯಿಂದ ನಾನು ಕೇಳಿದ್ದೇ ಇಲ್ಲ. ಸಂಘದ ಭಜನೆಯಲ್ಲಿಯೂ ತಾಳ ಹಿಡಿದು ಹಿಂದಿನ ಸಾಲಿನಲ್ಲಿ ಕೂತು ತುಟಿ ಮಾತ್ರ ಆಡಿಸುತ್ತಿದ್ದ ಸಂಕೋಚದ ಮನುಷ್ಯ.

ಮಗಳು ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಬಂದವಳು ಫೋನನ್ನು ನನ್ನ ಮೂಗಿಗೆ ಹಿಡಿದಳು. ಆ ಪಿಯಾನೋ ವಾದಕನ ಹೆಸರಾಂತ ರೆಕಾರ್ಡಿಂಗುಗಳನ್ನು ಕಂಪನಿಯವರು ಮತ್ತೆ ಎಲ್ಪಿ ರೆಕಾರ್ಡುಗಳಾಗಿ ಒಂದು ಪೆಟ್ಟಿಗೆಯಲ್ಲಿ ಹೊರತರುತ್ತಿದ್ದಾರಂತೆ. ಮೂಲ ಟೇಪುಗಳಿಂದಲೇ, ಗರಗರ ಸದ್ದು ತೆಗೆದು, ಹಳೆಯ ಕವರಿನ ಚಿತ್ರದ ಸಮೇತ. ನಮ್ಮ ಐದೂ ಆ ಪೆಟ್ಟಿಗೆಯಲ್ಲಿದ್ದವು. "ಆರ್ಡರ್ ಮಾಡ್ಲಾ ಮಮ್ಮಿ?" ಎಂದಳು. ಹೌದೆಂದು ತಲೆ ಆಡಿಸಿದೆ.

ಪೆಟ್ಟಿಗೆ ಬಂದ ಶುಕ್ರವಾರ ನಾನು ಮಾಂಜಿ ತರಿಸಲಿಲ್ಲ. ಒಲೆಯನ್ನೇ ಹಚ್ಚಲಿಲ್ಲ. ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬೆತ್ತದ ಕುರ್ಚಿಯಲ್ಲಿ ಕೂತೆ. ಕುರ್ಚಿ ಅವರ ಅಳತೆಗೆ ತಗ್ಗಿತ್ತು, ನಾನು ಅದರಲ್ಲಿ ಹುದುಗಿಹೋದೆ. ಮಗಳು ಹೊಸ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಇಟ್ಟಳು, ಅಪ್ಪ ಹಿಡಿಯುತ್ತಿದ್ದ ಹಾಗೆಯೇ. ಮುಳ್ಳು ಇಳಿಯಿತು.

ಎಷ್ಟು ಸ್ವಚ್ಛವಾಗಿತ್ತು! ಆ ವಾದಕ ನಮ್ಮ ಹಾಲ್‌ನಲ್ಲೇ ಕೂತ ಹಾಗಿತ್ತು. ಒಂದೊಂದು ಸ್ವರವೂ ಬೇರೆ ಬೇರೆಯಾಗಿ, ನಿಧಾನವಾಗಿ ಬಂದು ಎದೆಯ ಮೇಲೆ ಕೈ ಇಟ್ಟು ಹೋಗುತ್ತಿತ್ತು. ನನ್ನ ಗಂಡ ಇದನ್ನು ಕೇಳುತ್ತಿದ್ದರೇ, ನಾನು ಮೀನು ತಿರುವಿಹಾಕುತ್ತಿದ್ದಾಗ? ನನಗೆ ನಾಚಿಕೆಯಾಯಿತು. ಗುನುಗು ಏಳುವ ಜಾಗ ಹತ್ತಿರ ಬಂತು. ಜಾಗ ಬಂತು. ಹೋಯಿತು.

ಗುನುಗು ಬರಲೇ ಇಲ್ಲ.

ಮತ್ತೆ ಹಾಕಿಸಿದೆ. ಮೂರನೆಯ ಸಲವೂ ಹಾಕಿಸಿದೆ. ಬರಿಯ ಪಿಯಾನೋ. ನನ್ನ ಪಿತ್ತ ನೆತ್ತಿಗೇರಿತು. ಗರಗರ ತೆಗೆಯುತ್ತೇವೆಂದು ಹೊರಟವರು ಆ ಮನುಷ್ಯನ ದನಿಯನ್ನೂ ಗುಡಿಸಿಹಾಕಿದ್ದಾರೆ! ನಾನು ಲೈಬ್ರರಿಯವಳು. ಮರುಮುದ್ರಣದಲ್ಲಿ ಒಂದು ಪುಟ ಬಿಟ್ಟುಹೋದರೆ ಪ್ರಕಾಶಕರಿಗೆ ಕಾಗದ ಬರೆದು ಪುಸ್ತಕ ವಾಪಸು ಮಾಡಿದವಳು. ಅವತ್ತೇ ಮಗಳ ಲ್ಯಾಪ್‌ಟಾಪಿನಲ್ಲಿ ಕೂತು ಆ ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಕಲಾವಿದ ಬಾರಿಸುವಾಗ ಗುನುಗಿದ್ದರೆ ಅದೂ ಅವನ ಸಂಗೀತವೇ, ಅದನ್ನು ಅಳಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಕೇಳಿದೆ. ನನ್ನ ಗಂಡ ಆ ದನಿಯನ್ನು ಇಪ್ಪತ್ತೆರಡು ವರ್ಷ ಪ್ರೀತಿಯಿಂದ ಕೇಳಿದ್ದರು ಎಂದೂ ಬರೆದೆ. ತಪ್ಪು ತಿದ್ದಿ ಕಳಿಸು ಎಂದು ಮಗಳಿಗೆ ಕೊಟ್ಟೆ.

ಅವಳು ಓದಿದಳು. ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಮರುದಿನ ಕೇಳಿದೆ, ಕಳಿಸಿದೆಯಾ ಎಂದು. ಇಲ್ಲ ಎಂದಳು. ಅದರ ಮರುದಿನವೂ ಇಲ್ಲ. ನಾನು ರೇಗಿದೆ. ಅಪ್ಪನ ವಿಷಯದಲ್ಲಿ ನಿನಗೆ ಇಷ್ಟೂ ಕಾಳಜಿ ಇಲ್ಲವೇ ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವಳು ಎದ್ದುಹೋಗಿ ಫೋನು ತಂದಳು. ಅದೇ ರೆಕಾರ್ಡಿನ ಹಳೆಯ ಆವೃತ್ತಿಯನ್ನು, ಯಾರೋ ತಮ್ಮ ಮನೆಯ ಹಳೇ ತಟ್ಟೆಯಿಂದ ಗರಗರ ಸದ್ದಿನ ಸಮೇತ ಇಂಟರ್‌ನೆಟ್ಟಿಗೆ ಹಾಕಿದ್ದನ್ನು, ಹಚ್ಚಿ ನನ್ನ ಕೈಯಲ್ಲಿಟ್ಟಳು. ಗರಗರದ ನಡುವೆ ಪಿಯಾನೋ ನಡೆಯಿತು. ಆ ಜಾಗ ಬಂತು. ಅಲ್ಲಿಯೂ ಗುನುಗು ಇರಲಿಲ್ಲ.

"ಇದರಲ್ಲೂ ಇಲ್ವಲ್ಲ" ಎಂದೆ.

"ಯಾವುದ್ರಲ್ಲೂ ಇಲ್ಲ ಮಮ್ಮಿ." ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ನಮ್ಮ ಮನೆಮಾತಿನಲ್ಲಿ ಹೇಳಿದಳು. "ಅದು ಪಪ್ಪ."

ನಾನು ಅವಳ ಮುಖವನ್ನೇ ನೋಡಿದೆ.

ಚಿಕ್ಕವಳಿದ್ದಾಗ ಶುಕ್ರವಾರ ಬೆಳಿಗ್ಗೆ ಅವಳು ಹಾಲ್‌ನ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ, ಕುರ್ಚಿಯ ಕೈಮೇಲೆ ಬೆರಳು ಆಡಿಸುತ್ತಾ, ತನ್ನ ದನಿ ಎಷ್ಟು ಜೋರಿದೆ ಎಂಬುದೇ ಗೊತ್ತಿಲ್ಲದೆ ಗುನುಗುವುದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳಂತೆ. ನಾನು ಅಡುಗೆಮನೆಯಿಂದ ಕೂಗಿದ ಕೂಡಲೇ ಅಪ್ಪ ಕಣ್ಣು ಬಿಟ್ಟು, ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡ ಎಂದು ಅವಳಿಗೆ ಸನ್ನೆ ಮಾಡುತ್ತಿದ್ದರಂತೆ. ಆಮೇಲೆ ಸುಮ್ಮನಾಗುತ್ತಿದ್ದರಂತೆ.

"ನಿಂಗೆ ಗೊತ್ತಿದೆ ಅಂತ್ಲೇ ಅಂದ್ಕೊಂಡಿದ್ದೆ. ಗೊತ್ತಿದ್ದೇ ಬೈತೀಯ, ಅದು ನಿಮ್ಮಿಬ್ರ ಜೋಕು ಅಂತ."

ನೆನಪಿಸಿಕೊಂಡೆ. ಹೌದು, ನಾನು ಕೂಗಿದ ಮೇಲೆ ಗುನುಗು ನಿಲ್ಲುತ್ತಿತ್ತು. ಪಿಯಾನೋದವನ ಗುನುಗುವ ಭಾಗ ಅಷ್ಟೇ ಇರಬೇಕು ಎಂದುಕೊಂಡಿದ್ದೆ. ಕೊನೆಯ ಒಂದೆರಡು ವರ್ಷ ಅದು ಬಹಳ ಸಣ್ಣದಾಗಿತ್ತು, ಕೆಲವು ಶುಕ್ರವಾರ ಕೇಳಿಸುತ್ತಲೇ ಇರಲಿಲ್ಲ. ರೆಕಾರ್ಡು ಸವೆದಿದೆ ಎಂದು ನಾನೇ ಅವರಿಗೆ ಹೇಳಿದ್ದೆ. ಇರಬಹುದು ಎಂದಿದ್ದರು.

ಹಾಡದ ಮನುಷ್ಯ ಜಗತ್ತಿನಲ್ಲಿ ಒಂದೇ ಒಂದು ಕಡೆ ಹಾಡುತ್ತಿದ್ದ, ನನ್ನ ಮನೆಯಲ್ಲಿ. ಅವನ ಬಾಯಿ ಮುಚ್ಚಿಸಿದವಳು ನಾನು. ಮಗಳು ಸಮಾಧಾನ ಹೇಳುತ್ತಾಳೆ, ಪಪ್ಪ ಒಂದು ದಿನವೂ ಬೇಜಾರು ಮಾಡಿಕೊಂಡಿರಲಿಲ್ಲ, ನಗುತ್ತಿದ್ದರು ಎಂದು. ಇರಬಹುದು. ಅವರು ಬೇಜಾರು ಮಾಡಿಕೊಂಡರೂ ತೋರಿಸುವವರಾಗಿರಲಿಲ್ಲ. ಸೊಟ್ಟಗಾದ ಆ ಐದು ತಟ್ಟೆಗಳಿಗಾಗಿ ನಾನು ಅಷ್ಟೊಂದು ಅತ್ತದ್ದು ಅವುಗಳಲ್ಲಿ ಇಲ್ಲದೇ ಇದ್ದ ಒಂದು ದನಿಗಾಗಿ. ಆ ಕಾಗದವನ್ನು ಮಗಳು ಅಳಿಸಲಿಲ್ಲ, ನಾನೂ ಅಳಿಸು ಎನ್ನಲಿಲ್ಲ.

ಮೊನ್ನೆ ಜೂನಿನಲ್ಲಿ ಊರಿಗೆ ಹೊರಡುವಾಗ ಹೊಸ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಾನೇ ಬಕಾಲಾಕ್ಕೆ ಇಳಿದೆ. ಸಾಹೇಬರು ಏನೂ ಕೇಳದೆ ಗೋದಾಮಿನ ಬಾಗಿಲು ತೆರೆದರು. ರಟ್ಟು ಹಾಸಿಯೇ ಇತ್ತು. "ನಿಲ್ಲಿಸಿಯೇ ಇಡ್ಬೇಕು ಅಲ್ವಾ ಅಕ್ಕ? ಅಣ್ಣ ಹೇಳ್ತಿದ್ರು" ಎಂದು ತಾವೇ ನಿಲ್ಲಿಸಿದರು.

ಮರಳಿ ಬಂದ ಮೊದಲ ಶುಕ್ರವಾರ ಮಗಳು 'ನಿಧಾನದ್ದು' ಹಾಕಿದಳು. "ಬಾ ಮಮ್ಮಿ, ಕೂತ್ಕೋ" ಎಂದು ಬೆತ್ತದ ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. ಅಡುಗೆಮನೆಗೆ ಹೋದೆ. ಒಲೆ ಹಚ್ಚದೆ, ಫ್ಯಾನ್ ಹಾಕದೆ, ಕಾವಲಿ ಇಡುವ ಜಾಗದ ಎದುರು ಹಾಲ್‌ಗೆ ಬೆನ್ನು ಮಾಡಿ ನಿಂತೆ. ಅವರನ್ನು ಕೇಳುತ್ತಿದ್ದದ್ದು ನಾನು ಅಲ್ಲಿಂದಲೇ ಅಲ್ಲವೇ. ಪಿಯಾನೋ ನಿಧಾನವಾಗಿ ನಡೆದು ಆ ಜಾಗಕ್ಕೆ ಬಂತು. ಗುನುಗಲಿ, ಎಷ್ಟು ಜೋರಾಗಿ ಬೇಕಾದರೂ ಗುನುಗಲಿ, ನಾನು ಒಂದು ಮಾತೂ ಅನ್ನುವುದಿಲ್ಲ ಎಂದುಕೊಂಡು ಕಾದೆ. ಪಿಯಾನೋದವನು ಬಾಯಿ ಮುಚ್ಚಿಕೊಂಡೇ ಬಾರಿಸುತ್ತಿದ್ದ.